ಒಂದೇ ಗುರುತಿನ ಎರಡು ಷರತ್ತು

ಜನವರಿ 9

ಪೆನ್ಸಿಲಣ್ಣನಿಗೆ ನಮಸ್ಕಾರಗಳು.

ಹನ್ನೊಂದು ವರ್ಷ ಕಳೆದ ಮೇಲೆ ಹೀಗೆ ಕರೆಯಬಹುದೋ ಬಾರದೋ ತಿಳಿಯದೆ ಮೊದಲು ‘ಮಾನ್ಯರೇ’ ಎಂದು ಬರೆದೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಕಚೇರಿಗೆ ದೂರು ಕೊಟ್ಟ ಹಾಗಿತ್ತು. ಆ ಹಾಳೆ ಹರಿದು ಹಾಕಿದೆ. ನಿಮ್ಮ ವಿಳಾಸ ಕೊಟ್ಟವರು ನಿಮ್ಮ ತಂಗಿ. ‘ಫೋನ್ ಮಾಡ್ಬೇಡಿ, ಅಣ್ಣಂಗೆ ಈಗ ಎರಡು ಕಿವೀನೂ ಕೇಳ್ಸಲ್ಲ. ಬರೀರಿ, ಓದ್ತಾನೆ’ ಅಂದರು. ಉತ್ತರ ಕೊಡುತ್ತಾನೆ ಅಂತ ಮಾತ್ರ ಹೇಳಲಿಲ್ಲ.

ನಾನು ಇನ್ನೂ ಅದೇ ಕಂಪನಿಯಲ್ಲಿದ್ದೇನೆ, ರೈಲಿನ ಬ್ರೇಕ್ ಸಾಫ್ಟ್‌ವೇರ್ ಪರೀಕ್ಷಿಸುವ ಅದೇ ಕೆಲಸದಲ್ಲಿ. ನಾವಿಬ್ಬರೂ ಕಟ್ಟಿದ ಕಂಪೈಲರ್ ಕೂಡ ಹದಿನೆಂಟು ವರ್ಷದಿಂದ ದುಡಿಯುತ್ತಲೇ ಇದೆ. ಹೊಸದಾಗಿ ಸೇರಿದವರಿಗೆ ನಾನು ಈಗಲೂ ನಿಮ್ಮ ಮಾತಿನಲ್ಲೇ ಹೇಳಿಕೊಡುತ್ತೇನೆ: ‘ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸೋದು ಎಲ್ಲ ಕಂಪೈಲರ್‌ಗಳೂ ಮಾಡೋ ಕೆಲಸ. ನಮ್ಮದು ಇಳಿಸುವಾಗಲೇ, ದಾರಿ ಕವಲೊಡೆಯೋ ಕಡೆಯೆಲ್ಲ ಒಂದೊಂದು ಗುರುತು ನೆಡುತ್ತೆ. ಪರೀಕ್ಷೆ ಮುಗಿದ ಮೇಲೆ ಯಾವ ಗುರುತು ಮುಟ್ಟಿದೀವಿ, ಯಾವುದು ಬಿಟ್ಟಿದೀವಿ ಅಂತ ಮುಲಾಜಿಲ್ಲದೆ ಹೇಳುತ್ತೆ.’ ಅವರು ತಲೆಯಾಡಿಸುತ್ತಾರೆ. ನನಗೆ ಅಚ್ಚುಕೂಟದ ಮೇಲಿದ್ದ ನಮ್ಮ ಕೋಣೆ ನೆನಪಾಗುತ್ತದೆ. ಕೆಳಗೆ ಯಂತ್ರ ಓಡಿದಾಗಲೆಲ್ಲ ನೆಲ ನಡುಗಿ ಮೇಜಿನ ಮೇಲಿನ ನಿಮ್ಮ ಪೆನ್ಸಿಲ್‌ಗಳು ಒಂದೊಂದಾಗಿ ಅಂಚಿಗೆ ಉರುಳುತ್ತಿದ್ದವು. ನೀವು ಕೋಡನ್ನೆಲ್ಲ ಮೊದಲು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಿರಿ, ನಾನು ತಪ್ಪು ಹುಡುಕಿ ಅಳಿಸುತ್ತಿದ್ದೆ. ಪೆನ್ಸಿಲ್, ರಬ್ಬರ್ ಎಂದು ಹೆಸರಿಟ್ಟವರು ಯಾರೋ ಮರೆತೆ, ಇಬ್ಬರಿಗೂ ಅಂಟಿಕೊಂಡೇಬಿಟ್ಟಿತು.

ವಿಷಯಕ್ಕೆ ಬರುತ್ತೇನೆ. ಈ ವರ್ಷ ನಮ್ಮ ಕಂಪೈಲರ್‌ಗೆ ನಿವೃತ್ತಿ. ಹೊಸದೊಂದನ್ನು ತಂದಿದ್ದಾರೆ. ಹಳೆಯ ಬ್ರೇಕ್ ಸಾಫ್ಟ್‌ವೇರನ್ನೇ, ಹಳೆಯ ಪರೀಕ್ಷೆಗಳನ್ನೇ ಅದರ ಮೂಲಕ ಓಡಿಸಿದೆ. ನಮ್ಮದು ಇಷ್ಟು ವರ್ಷ ನೂರಕ್ಕೆ ನೂರು ಅಂದಿತ್ತು. ಇದು ‘ಒಂದು ಷರತ್ತು ಪರೀಕ್ಷೆಯಾಗಿಲ್ಲ’ ಅನ್ನುತ್ತದೆ. ಮೂರು ಸಲ ಓಡಿಸಿದೆ, ಮೂರು ಸಲವೂ ಅದೇ ಉತ್ತರ.

ಗುರುತು ನೆಡುವ ಭಾಗ ನೀವು ಬರೆದದ್ದು. ನಿಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ?

ಇಂತಿ,
ರಬ್ಬರ್


ಜನವರಿ 24

ಶ್ರೀಮತಿಯವರಿಗೆ,

ನಿಮ್ಮ ಪತ್ರ ತಲುಪಿತು. ಹೊಸ ಕಂಪೈಲರ್‌ಗಳು ಹೊಸ ಸೊಸೆಯರಿದ್ದ ಹಾಗೆ, ಮೊದಲ ವಾರ ಮನೆಯಲ್ಲಿ ಇರುವುದೆಲ್ಲ ಕೊಳಕಾಗಿ ಕಾಣುತ್ತದೆ. ದೋಷ ಅದರಲ್ಲೇ ಇರಬಹುದು. ಅದನ್ನು ತಯಾರಿಸಿದವರನ್ನು ಕೇಳಿ.

ಆ ಕೆಲಸ ಬಿಟ್ಟು ಹನ್ನೊಂದು ವರ್ಷವಾಯಿತು. ಈಗ ನನ್ನ ತಂಗಿಯ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹಾಕುತ್ತೇನೆ. ದಿನಕ್ಕೆ ಅರವತ್ತು, ಎಪ್ಪತ್ತು. ಗುಂಡಿ ಒಳಗೆ ಹೋದರೆ ಸರಿ, ಹೋಗದಿದ್ದರೆ ತಪ್ಪು. ವರದಿ ಬರೆಯಬೇಕಿಲ್ಲ, ಸಭೆಯಲ್ಲಿ ಕೂರಬೇಕಿಲ್ಲ. ನೆಮ್ಮದಿಯಾಗಿದ್ದೇನೆ.

ಇಷ್ಟು ವರ್ಷ ಒಂದು ಸಾಲು ಬರೆಯದವರು ಈಗ ಕೆಲಸ ಬಿದ್ದಾಗ ಬರೆದಿದ್ದೀರಿ. ಸಂತೋಷ.

ಇತಿ,
ತಮ್ಮ ಹಳೆಯ ಸಹೋದ್ಯೋಗಿ

ಮತ್ತೆ: ಆ ಷರತ್ತು ಯಾವುದು? ಸುಮ್ಮನೆ ಕೇಳಿದೆ. ಕೋಡಿನ ಆ ಪುಟ ಕಳಿಸಿದರೆ ಕಳಿಸಿ. ಅಕ್ಷರ ಸ್ವಲ್ಪ ದೊಡ್ಡದಿರಲಿ.


ಫೆಬ್ರವರಿ 6

ಪೆನ್ಸಿಲಣ್ಣನಿಗೆ,

ಬೈದಿರಿ, ಬೈಸಿಕೊಂಡೆ. ‘ಮತ್ತೆ’ ಅಂತ ಕೆಳಗೆ ಬರೆದಿದ್ದಿರಲ್ಲ, ಅದನ್ನು ಮಾತ್ರ ನಾಲ್ಕು ಸಲ ಓದಿದೆ.

ಪುಟ ಜೊತೆಗಿಟ್ಟಿದ್ದೇನೆ. ಸಂಗತಿ ಇಷ್ಟು. ನಿಂತ ರೈಲು ಜಾರದ ಹಾಗೆ ಹಿಡಿದಿಡುವ ಬ್ರೇಕನ್ನು ಯಾವಾಗ ಬಿಡಬೇಕು ಎಂಬ ತೀರ್ಮಾನ ಅದು. ಚಾಲಕ ಹಿಡಿಯನ್ನು ಎಳೆದರೆ ಬಿಡಬೇಕು. ಇಲ್ಲವೇ, ಮುಂದಿನ ಚಕ್ರದ ಸೆನ್ಸರ್ ಮತ್ತು ಹಿಂದಿನ ಚಕ್ರದ ಸೆನ್ಸರ್ ಎರಡೂ ‘ರೈಲು ಓಡುತ್ತಿದೆ’ ಎಂದರೆ ಬಿಡಬೇಕು, ಏಕೆಂದರೆ ಓಡುವ ರೈಲಿಗೆ ಆ ಬ್ರೇಕ್ ಅಂಟಿಕೊಂಡಿರಬಾರದು. ಒಂದೇ ಸೆನ್ಸರ್ ಹೇಳಿದರೆ ನಂಬಕೂಡದು. ವಿನ್ಯಾಸದ ಕಾಗದದಲ್ಲಿರುವುದು ಹೀಗೆ.

ಕೋಡಿನಲ್ಲಿ ನೋಡಿ. ‘ಮತ್ತು’ ಇರಬೇಕಾದಲ್ಲಿ ‘ಅಥವಾ’ ಇದೆ. ಬರೆದವರು ಯಾರೋ, ಈಗ ಎಲ್ಲಿದ್ದಾರೋ. ಬರೆಯುವವರ ಕೈ ತಪ್ಪುವುದು ಹೊಸದಲ್ಲ, ಅದನ್ನು ಹಿಡಿಯಲಿ ಅಂತ ತಾನೇ ನಾವಿದ್ದದ್ದು! ನಮ್ಮ ಪರೀಕ್ಷೆಗಳಲ್ಲಿ ಎರಡೂ ಸೆನ್ಸರ್ ಯಾವಾಗಲೂ ಒಂದೇ ಮಾತು ಹೇಳಿವೆ. ಒಂದು ಹೌದು, ಇನ್ನೊಂದು ಅಲ್ಲ ಎನ್ನುವ ಪರೀಕ್ಷೆ ಒಂದೂ ಇಲ್ಲ. ಪ್ರತಿ ಷರತ್ತೂ ತಾನೊಂದೇ ಬದಲಾದಾಗ ತೀರ್ಮಾನ ಬದಲಾಗುವುದನ್ನು ಪರೀಕ್ಷೆಗಳು ತೋರಿಸುವ ತನಕ ನಮ್ಮ ಕಂಪೈಲರ್ ಪೂರ್ತಿ ಅಂಕ ಕೊಡಬಾರದಿತ್ತು. ಕೊಟ್ಟಿದೆ.

ಇನ್ನೊಂದು ಮಾತು. ಇದನ್ನು ಬರೆಯಲು ಕೈ ಬರುತ್ತಿಲ್ಲ. ನೀವು ಹೋದ ಎರಡು ವರ್ಷಕ್ಕೆ, ಇಳಿಜಾರಿನ ನಿಲ್ದಾಣವೊಂದರಲ್ಲಿ ಬೆಳಗಿನ ಹೊತ್ತು ನಿಂತ ರೈಲು ಒಂದು ಮೊಳ ಜಾರಿತು. ಇಳಿಯುತ್ತಿದ್ದ ಹೆಂಗಸೊಬ್ಬರು ಬಿದ್ದು ಮಣಿಕಟ್ಟು ಮುರಿಯಿತು. ಚಾಲಕ, ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾದವರು, ‘ನಾನು ಹಿಡಿ ಮುಟ್ಟಿಲ್ಲ’ ಎಂದರು. ಹಿಡಿ ಎಳೆದದ್ದು ದಾಖಲಾಗುವ ವ್ಯವಸ್ಥೆ ಆಗ ಇರಲಿಲ್ಲ. ಕಂಪನಿಯವರು ನನ್ನ ಅಭಿಪ್ರಾಯ ಕೇಳಿದರು. ನಾನು ಬರೆದುಕೊಟ್ಟೆ: ‘ಸಾಫ್ಟ್‌ವೇರಿನ ಪ್ರತಿಯೊಂದು ಷರತ್ತೂ ಪರೀಕ್ಷೆಯಾಗಿದೆ. ಚಾಲಕ ಎಳೆಯದೆ ನಿಂತ ರೈಲಿನ ಬ್ರೇಕ್ ಬಿಡುವ ಸಾಧ್ಯತೆ ಇಲ್ಲ.’ ಕೆಳಗೆ ನನ್ನ ಸಹಿ.

ಅವರನ್ನು ರೈಲಿನಿಂದ ಇಳಿಸಿದರು. ಈಗ ಅದೇ ಮಾರ್ಗದ ಒಂದು ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಕಿಟಕಿಯಲ್ಲಿ ಕೂರುತ್ತಾರಂತೆ.

ಹೊಸ ಕಂಪೈಲರೇ ಸುಳ್ಳು ಹೇಳುತ್ತಿರಲಿ ಎಂದು ಆಸೆಪಡುತ್ತಿದ್ದೇನೆ. ಬೇಗ ಬರೆಯಿರಿ. ಮೇಲಿನವರಿಗೆ ಹೇಳಲು ನಿಮ್ಮ ಉತ್ತರಕ್ಕೆ ಕಾಯುವುದಿಲ್ಲ, ನಾಳೆಯೇ ಹೇಳುತ್ತೇನೆ. ಆದರೆ ಯಾಕೆ ಹೀಗಾಯಿತು ಎಂದು ಅವರು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ರಬ್ಬರ್


ಫೆಬ್ರವರಿ 15

ರಬ್ಬರ್,

ತಪ್ಪು ನನ್ನದು.

ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರ್ ಇಳಿಸಿದೆ. ತಂಗಿ ಅದರ ಮೇಲೆ ಹಳೆಯ ಬಟ್ಟೆ ಸುರುಳಿಗಳನ್ನು ಪೇರಿಸಿಟ್ಟಿದ್ದಳು. ಎರಡು ದಿನ ಕಾಡಿ ಕೊನೆಗೂ ಎದ್ದು ಕೂತಿತು. ನಿನ್ನ ಪುಟವನ್ನು ಟೈಪು ಮಾಡಿ, ಎರಡೂ ಸೆನ್ಸರ್ ಒಂದೇ ಮಾತು ಹೇಳುವ ಹಾಗಿಟ್ಟು, ಅದರಲ್ಲಿದ್ದ ನಮ್ಮ ಕಂಪೈಲರ್ ಮೂಲಕ ಓಡಿಸಿದೆ. ‘ಎಲ್ಲವನ್ನೂ ಮುಟ್ಟಿದೆ’ ಎಂದು ತೆರೆಯ ಮೇಲೆ ಬಂತು. ಆ ವಾಕ್ಯ ನಾನೇ ಬರೆದದ್ದು, ನೆನಪಿದೆಯಾ? ಬರಿ ಅಂಕಿ ತೋರಿಸಿದರೆ ಮನಸ್ಸಿಗೆ ಹಿತವಿಲ್ಲ ಎಂದು ನೀನೇ ಹಠ ಹಿಡಿದಿದ್ದೆ. ಅದನ್ನು ನೋಡಿ ಒಂದು ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗುರುತು ನೆಡುವ ಭಾಗವನ್ನು ತೆರೆದು ಮೊದಲಿನಿಂದ ಓದಿದೆ.

ಆಗಿದ್ದು ಇಷ್ಟು. ಎರಡು ಸೆನ್ಸರ್‌ಗಳ ಸುದ್ದಿ ಒಂದೇ ಬೈಟಿನಲ್ಲಿ ಅಕ್ಕಪಕ್ಕ ಕೂತಿರುತ್ತದೆ. ಎರಡನ್ನೂ ಬೇರೆಬೇರೆ ಕೇಳುವ ಬದಲು ‘ಇಬ್ಬರಲ್ಲಿ ಯಾರಾದರೂ ಹೂಂ ಅಂದಿರಾ?’ ಎಂದು ಒಂದೇ ಸಲ ಕೇಳಿ ಮುಗಿಸುವುದು ಕಂಪೈಲರ್ ಮಾಡುವ ಜಾಣತನ. ಮೊದಮೊದಲು ನಾನು ಗುರುತು ನೆಡುತ್ತಿದ್ದದ್ದು ಈ ಜಾಣತನಕ್ಕೆ ಮುಂಚೆ, ಮನುಷ್ಯ ಬರೆದ ಷರತ್ತುಗಳ ಮೇಲೆ. ಆಗ ಗುರುತುಗಳ ಭಾರಕ್ಕೆ ಪ್ರೋಗ್ರಾಂ ಬ್ರೇಕಿನ ಬೋರ್ಡಿನ ಮೆಮೊರಿಯಲ್ಲಿ ಹಿಡಿಸಲಿಲ್ಲ. ನೀನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು, ‘ಹೇಗಾದ್ರೂ ತುರುಕಿ ಅಣ್ಣಾ, ಗುರುವಾರ ಪರೀಕ್ಷೆ’ ಅಂದೆ. ನಾನು ಗುರುತು ನೆಡುವುದನ್ನು ಜಾಣತನದ ನಂತರಕ್ಕೆ ಸರಿಸಿದೆ. ಆ ಹೊತ್ತಿಗೆ ಎರಡು ಷರತ್ತು ಸೇರಿ ಒಂದಾಗಿರುತ್ತಿದ್ದವು. ಎರಡಕ್ಕೂ ಒಂದೇ ಗುರುತು. ಅದನ್ನು ಮುಟ್ಟಿದರೆ ಎರಡನ್ನೂ ಮುಟ್ಟಿದ ಹಾಗೆ. ಪ್ರೋಗ್ರಾಂ ಹಿಡಿಸಿತು. ಅಚ್ಚುಕೂಟದವರಿಗೂ ಸೇರಿಸಿ ಟೀ ತರಿಸಿದೆವು.

ನೀನು ಕೇಳಿದ್ದು ಜಾಗ. ಎಲ್ಲಿಂದ ಕೀಳಬೇಕು ಎಂದು ತೀರ್ಮಾನಿಸಿದವನು ನಾನು. ಇದನ್ನು ಇದೇ ಮಾತುಗಳಲ್ಲಿ ನಿನ್ನ ಮೇಲಿನವರಿಗೆ ತೋರಿಸು. ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ.

ಸಹಿ ಮಾಡಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಾನು ಯಾಕೆ ಹೊರಟೆ ಎಂದು ನೀನು ಕೇಳಲೇ ಇಲ್ಲ. ಕಿವಿ ಹೋಗುತ್ತಿದ್ದ ಕಾಲದಲ್ಲಿ ನಾನು ಯಾರಿಗೂ ಹೇಳದೆ ತುಟಿ ಓದಲು ಕಲಿತಿದ್ದೆ. ಒಂದು ಸಭೆಗೆ ಮುಂಚೆ, ಗಾಜಿನ ಆಚೆ ನಿಂತು ನೀನು ಮುಖ್ಯಸ್ಥರಿಗೆ ಹೇಳಿದೆ: ‘ಅವರನ್ನ ಕರೆಯೋದು ಬೇಡ ಸಾರ್, ಎಲ್ಲಾನೂ ಎರಡೆರಡು ಸಲ ಹೇಳ್ಬೇಕಾಗುತ್ತೆ.’ ನೀನು ಹೇಳಿದ್ದು ಸುಳ್ಳೇನಲ್ಲ. ಆದರೆ ಬೇರೆ ಯಾರಾದರೂ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿನ್ನ
ಪೆನ್ಸಿಲ್


ಮಾರ್ಚ್ 8

ಪೆನ್ಸಿಲಣ್ಣ,

ಆ ಮಾತು ನಾನು ಆಡಿದ್ದು ನಿಜ. ಆಡಿದ್ದು ಮರೆತಿರಲಿಲ್ಲ, ನಿಮಗೆ ಕೇಳಿಸಿರಲಾರದು ಎಂದು ಹನ್ನೊಂದು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದೆ. ಕೇಳಿಸದಿದ್ದರೆ ತಪ್ಪಲ್ಲ ಎನ್ನುವ ಹಾಗೆ. ಅದಕ್ಕೇ ನೀವು ಯಾಕೆ ಹೋದಿರಿ ಎಂದು ಕೇಳುವ ಧೈರ್ಯ ಬರಲಿಲ್ಲ. ಆವತ್ತು ಕೆಲಸ ಕುತ್ತಿಗೆಗೆ ಬಂದಿತ್ತು, ಅವಸರವಿತ್ತು ಎಂದೆಲ್ಲ ಬರೆದು ಹೊಡೆದುಹಾಕಿದೆ. ಕ್ಷಮಿಸಿ ಅಣ್ಣ. ನಿಮಗೆ ಒಂದೇ ಮಾತನ್ನು ಹತ್ತು ಸಲ ಹೇಳುವ ಭಾಗ್ಯ ಆಮೇಲೆ ನನಗೆ ಸಿಗಲಿಲ್ಲ.

ಇಲ್ಲಿ ನಡೆದದ್ದು ಹೇಳುತ್ತೇನೆ. ಮುಖ್ಯಸ್ಥರ ಮುಂದೆ ಹಳೆಯ, ಹೊಸ ಕಂಪೈಲರ್‌ಗಳ ಎರಡೂ ವರದಿಗಳನ್ನಿಟ್ಟೆ. ಈಗಿನವರು ನಿಮ್ಮ ಕಾಲದವರಲ್ಲ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಓದಿ ಕನ್ನಡಕ ತೆಗೆದರು.

‘ಒಂಬತ್ತು ವರ್ಷದ ಹಿಂದೆ ಸಾಧ್ಯತೆ ಇಲ್ಲ ಅಂತ ಬರೆದವರು ನೀವೇ ಅಲ್ವಾ?’

‘ನಾನೇ.’

‘ಈಗ?’

‘ಈಗ ಪರೀಕ್ಷೆ ಮಾಡಿ ನೋಡೋಣ ಸಾರ್. ಕಾಗದ ನಂಬೋದು ಬೇಡ.’

ಪ್ರಯೋಗಾಲಯದಲ್ಲಿ ಬ್ರೇಕಿನ ಬೋರ್ಡನ್ನು ಜೋಡಿಸಿದೆವು. ಚಕ್ರ ನಿಂತಿದೆ. ಹಿಡಿಯನ್ನು ಯಾರೂ ಮುಟ್ಟದ ಹಾಗೆ ಹಗ್ಗದಿಂದ ಕಟ್ಟಿದೆವು. ಮುಂದಿನ ಚಕ್ರದ ಸೆನ್ಸರಿನ ತಂತಿಯೊಂದನ್ನು ಸಡಿಲ ಮಾಡಿ ಬೆರಳಿನಿಂದ ಅಲುಗಿಸಿದೆ. ಅಷ್ಟೇ. ಬ್ರೇಕ್ ಬಿಟ್ಟಿತು. ‘ಟಸ್’ ಎಂದು ಗಾಳಿ ಹೊರಬಂದ ಸದ್ದು. ನಿಮಗೆ ಆ ಸದ್ದು ನೆನಪಿರಬೇಕು. ಮುಖ್ಯಸ್ಥರು ಬಗ್ಗಿ ಹಿಡಿಗೆ ಕಟ್ಟಿದ ಹಗ್ಗವನ್ನು ಮುಟ್ಟಿ ನೋಡಿದರು.

ಆ ಮಾರ್ಗದ ರೈಲುಗಳನ್ನೆಲ್ಲ ಅವತ್ತೇ ನಿಲ್ಲಿಸಿದರು. ಹನ್ನೆರಡು ದಿನ ಪತ್ರಿಕೆಗಳಲ್ಲಿ, ನಿಲ್ದಾಣಗಳಲ್ಲಿ ನಮಗೆ ಮಂಗಳಾರತಿ. ಈಗ ತಿದ್ದಿದ ಪ್ರೋಗ್ರಾಂ ಹಾಕಿ ಒಂದೊಂದಾಗಿ ಬಿಡುತ್ತಿದ್ದಾರೆ. ತಿದ್ದಿದ್ದು ಒಂದೇ ಪದ. ಅದನ್ನು ಪರೀಕ್ಷಿಸಿದ್ದು ಒಂಬತ್ತು ಹೊಸ ಪರೀಕ್ಷೆಗಳಲ್ಲಿ. ಇನ್ನು ಮುಂದೆ ಸುರಕ್ಷತೆಯ ಕಾಗದಗಳಿಗೆ ನನ್ನ ಸಹಿ ಬೇಡವಂತೆ. ಪರೀಕ್ಷೆ ಮಾಡಬಹುದು, ಸಹಿ ಬೇರೆಯವರದು. ನ್ಯಾಯವೇ.

ಚಾಲಕರಿಗೆ ಕಂಪನಿ ಒಂದು ಪತ್ರ ಕಳಿಸುತ್ತದೆ, ವಕೀಲರು ನೋಡಿ ಒಪ್ಪಿದ ಪತ್ರ. ಅದು ಸಾಲದು ಅನ್ನಿಸಿದೆ. ನಾನೇ ಹೋಗುತ್ತೇನೆ. ಒಬ್ಬಳೇ ಹೋಗಲು ಧೈರ್ಯವಿಲ್ಲ. ನೀವು ಬರುತ್ತೀರಾ?

ನಿಮ್ಮ
ರಬ್ಬರ್


ಮಾರ್ಚ್ 19

ರಬ್ಬರ್,

ಬರುವುದಿಲ್ಲ ಎಂದು ಬರೆಯಲು ಕೂತಿದ್ದೆ. ಕ್ಷಮೆ ಕೇಳಲು ಹೋದವನಿಗೆ ಎದುರಿನವರ ಬೈಗುಳವಾದರೂ ಕೇಳಿಸಬೇಡವೇ? ಬೈದದ್ದಕ್ಕೆ ನಾನು ತಲೆಯಾಡಿಸಿ ನಕ್ಕುಬಿಟ್ಟರೆ ಏನು ಗತಿ? ತಂಗಿಗೆ ಇದನ್ನೇ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು, ಅಳತೆಯ ಚೀಟಿಯ ಹಿಂದೆ ಬರೆದು ತೋರಿಸಿದಳು: ‘ನಿನಗೆ ಅವರ ಮಾತು ಕೇಳಿಸೋದು ಬೇಡ. ಅವರಿಗೆ ನಿನ್ನ ಮುಖ ಕಾಣಿಸಿದ್ರೆ ಸಾಕು.’

ಇವಳ ಜೊತೆ ವಾದ ಮಾಡಿ ನಾನು ಎಂದೂ ಗೆದ್ದವನಲ್ಲ. ಏಪ್ರಿಲ್ ಏಳು, ಶನಿವಾರ, ಬೆಳಗಿನ ರೈಲಿಗೆ ಬರುತ್ತೇನೆ. ನೀಲಿ ಅಂಗಿ ಹಾಕಿರುತ್ತೇನೆ. ಕೂದಲಿಲ್ಲ, ಹುಡುಕಬೇಡ.

ಪೆನ್ಸಿಲ್


ಏಪ್ರಿಲ್ 10

ಪ್ರೀತಿಯ ರಬ್ಬರ್,

ಊರು ತಲುಪಿದೆ. ನಿನ್ನ ರೈಲು ಬಂದುಬಿಟ್ಟಿತು, ನಾವು ಸರಿಯಾಗಿ ಮಾತೂ ಆಡಲಿಲ್ಲ. ನಿನ್ನ ಕೂದಲು ಬೆಳ್ಳಗಾಗಿರುವುದಕ್ಕೆ ನಾನು ತಯಾರಾಗಿರಲಿಲ್ಲ. ನನ್ನ ತಲೆಯಲ್ಲಿ ನೀನು ಇಷ್ಟು ವರ್ಷವೂ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಲೇ ಇದ್ದೆ. ಮೊನ್ನೆ ನಿಲ್ದಾಣದ ಮೇಲ್ಸೇತುವೆಯಲ್ಲಿ ಕಂಬಿ ಹಿಡಿದು ನಿಂತೆಯಲ್ಲ, ನಾನೂ ಕಂಬಿ ಹಿಡಿದಿದ್ದೆ, ಅದಕ್ಕೇ ನಗು ಬಂತು.

ಈಗ ನನಗೊಂದು ಉಪಕಾರ ಮಾಡು. ಅವರು ಏನು ಹೇಳಿದರು?

ನನಗೆ ಕಂಡದ್ದು ಇಷ್ಟು: ಕಿಟಕಿಯ ಹಿಂದೆ ಚೀಟಿ ಕಟ್ಟಿದ ಕೊಡೆಗಳು, ಒಂಟಿ ಚಪ್ಪಲಿಗಳು, ಒಂದು ಪಿಟೀಲಿನ ಪೆಟ್ಟಿಗೆ. ದಪ್ಪ ಮೀಸೆ, ತಗ್ಗಿಸಿದ ತಲೆ. ತುಟಿ ಓದಲು ಆಗಲೇ ಇಲ್ಲ. ನೀನು ಮಾತಾಡುವಾಗ ಅವರು ಸುಮ್ಮನೆ ಚೀಟಿ ಬರೆಯುತ್ತಲೇ ಇದ್ದರು. ಆಮೇಲೆ ಪೆನ್ನಿಟ್ಟು ಎಡಗೈಯನ್ನು ಗಾಳಿಯಲ್ಲಿ ಹಿಂದಕ್ಕೆ ಎಳೆದರು. ಮತ್ತೆ ಎಳೆದರು. ಆಮೇಲೆ ಏನೋ ಹೇಳಿದರು, ನೀನು ಅತ್ತುಬಿಟ್ಟೆ. ಬೈದರಾ? ಬೈದಿದ್ದರೆ ನನ್ನ ಪಾಲಿನದನ್ನೂ ನೀನೇ ಹೊತ್ತುಕೊಂಡು ಹೋದೆಯಲ್ಲ. ಅದು ಸರಿಯಲ್ಲ. ಒಂದು ಅಕ್ಷರ ಬಿಡದೆ ಬರಿ.

ನಿನ್ನ
ಪೆನ್ಸಿಲ್


ಏಪ್ರಿಲ್ 23

ಪೆನ್ಸಿಲಣ್ಣ,

ಬರೆಯಲು ಇಷ್ಟು ದಿನ ಬೇಕಾಯಿತು. ನೆನಪಿರುವಷ್ಟನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

ನಾನು ಎಲ್ಲ ಹೇಳಿ ಮುಗಿಸಿದೆ. ‘ಅಥವಾ’ ಇದ್ದದ್ದು, ನಮ್ಮ ಗುರುತು ತಪ್ಪಿದ್ದು, ನಾನು ನೋಡದೆ ಸಹಿ ಹಾಕಿದ್ದು. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಅಂದರು, ‘ನೀವು ಬರೆದ ಕಾಗದ ಆಗ ನನಗೂ ಓದೋಕೆ ಕೊಟ್ಟಿದ್ರು ಮೇಡಂ. ಮೊದಲನೇ ವರ್ಷ ತುಂಬ ಸಿಟ್ಟಿತ್ತು. ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡಿದೆ, ನಾನು ಮುಟ್ಟಿಲ್ಲ, ನಾನು ಮುಟ್ಟಿಲ್ಲ ಅಂತ. ಆಮೇಲೆ ಯೋಚನೆ ಬಂತು. ಇಷ್ಟು ಓದಿದೋರು, ಪೂರ್ತಿ ಪರೀಕ್ಷೆ ಮಾಡಿದೀವಿ ಅಂತ ಬರೆದಿದಾರೆ. ಸುಳ್ಳು ಯಾಕೆ ಬರೀತಾರೆ? ನಾನೇ ಎಳೆದಿರ್ಬೇಕು.’

‘ಆದರೆ ನೀವು ಎಳೆದಿರಲಿಲ್ಲವಲ್ಲ’ ಎಂದೆ.

‘ಅದೇ ಹೇಳ್ತಿರೋದು. ಮೂರನೇ ವರ್ಷ ನನಗೆ ನೆನಪು ಬಂದ್ಬಿಡ್ತು, ಎಳೆದ ಹಾಗೆ. ಹಿಡಿ ತಣ್ಣಗಿತ್ತು, ಹೀಗೆ ಹಿಂದಕ್ಕೆ ಎಳೆದೆ ಅಂತ, ಕಣ್ಣಿಗೆ ಕಟ್ಟಿದ ಹಾಗೆ.’ ನೀವು ನೋಡಿದ ಕೈಸನ್ನೆ ಅದೇ ಅಣ್ಣ. ನಡೆಯದೇ ಇದ್ದದ್ದನ್ನು ಅವರು ನಮಗೆ ಮಾಡಿ ತೋರಿಸುತ್ತಿದ್ದರು.

ಆಮೇಲೆ ಅಂದರು, ‘ಮೊಮ್ಮಗಳು ಹುಟ್ಟಿದಾಗ ಎತ್ಕೊಳ್ಳೋಕೆ ಕೊಟ್ರು. ಕೂತ್ಕೊಂಡೇ ಎತ್ಕೊಂಡೆ, ಬಲಗೈಯಲ್ಲಿ. ಈ ಎಡಗೈ ನನಗೆ ಗೊತ್ತಿಲ್ಲದೆ ಯಾವಾಗ ಏನು ಮಾಡುತ್ತೋ ಅಂತ. ಈಗ ಅವಳಿಗೆ ಐದು ವರ್ಷ. ಎತ್ಕೊಳ್ಳೋ ವಯಸ್ಸು ಮುಗೀತು.’ ನಾನು ಅತ್ತದ್ದು ಆಗ. ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮತ್ತೆ ರೈಲು ಓಡಿಸಲು ಕರೆದರೆ ಹೋಗುವಿರಾ ಎಂದು ಕೇಳಿದೆ. ‘ಕಣ್ಣಿನ ಪರೀಕ್ಷೆಯಲ್ಲಿ ನಪಾಸಾಗ್ತೀನಿ, ಬಿಡಿ’ ಅಂದರು. ಆದರೆ ಒಂದು ಕೆಲಸ ಆಗಬೇಕಂತೆ. ಆಗ ಚಾಲಕರ ವಿಶ್ರಾಂತಿ ಕೋಣೆಯ ಗೋಡೆಗೆ, ‘ಹಿಡಿಯ ಬಗ್ಗೆ ಎಚ್ಚರಿಕೆ’ ಎಂದು ಅವರ ಪ್ರಕರಣವನ್ನು ಬರೆದು ಅಂಟಿಸಿದ್ದರಂತೆ. ಅದು ಇವತ್ತಿಗೂ ಇದೆ. ಹೊಸಬರು ಅದನ್ನು ಓದಿಯೇ ಕೆಲಸ ಶುರು ಮಾಡುತ್ತಾರೆ. ಅದನ್ನು ತೆಗೆದು, ನಡೆದದ್ದೇನು ಎಂದು ಬರೆದು ಅದೇ ಜಾಗದಲ್ಲಿ ಅಂಟಿಸಬೇಕು. ಮುಖ್ಯಸ್ಥರು ಒಪ್ಪಿದರು. ಕಳೆದ ಸೋಮವಾರ ಹೋಗಿ ಅಂಟಿಸಿ ಬಂದೆ. ನಿಮ್ಮ ಹಾಳೆಯಲ್ಲಿದ್ದ ಮಾತುಗಳನ್ನೇ ಹಾಕಿದ್ದೇನೆ, ನನ್ನದನ್ನೂ ಸೇರಿಸಿ. ಇಬ್ಬರು ಚಾಲಕರು ನಿಂತು ಪೂರ್ತಿ ಓದಿದರು. ಒಬ್ಬರು ತಮ್ಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಸೆಕೆಗೋ ಏನೋ.

ನೀವು ಕೇಳಿದ್ದಕ್ಕೆ ಉಳಿದದ್ದು ಇನ್ನೊಂದೇ. ಹೊರಡುವಾಗ ನೀವು ಮುಂದೆ ನಡೆದಿರಿ. ಅವರು ನನ್ನನ್ನು ಕಿಟಕಿಯ ಹತ್ತಿರ ಕರೆದರು.

‘ಆ ನೀಲಿ ಅಂಗಿಯವರು ಒಂದು ಮಾತೂ ಆಡ್ಲಿಲ್ಲ?’

‘ಅವರಿಗೆ ಕಿವಿ ಕೇಳಿಸುವುದಿಲ್ಲ. ಗುರುತು ನೆಡುವ ಭಾಗ ಬರೆದವರು ಅವರೇ. ನೀವು ಹೇಳಿದ್ದನ್ನೆಲ್ಲ ನಾನು ಅವರಿಗೆ ಕಾಗದದಲ್ಲಿ ಬರೆಯಬೇಕು.’

ಅವರು ಕಿಟಕಿಯಿಂದ ಬಗ್ಗಿ ನಿಮ್ಮ ಬೆನ್ನನ್ನು ನೋಡಿದರು.

‘ಹಾಗಾದ್ರೆ ಹೀಗೆ ಬರೀರಿ. ಬಂದಿದ್ದು ಒಳ್ಳೇದಾಯ್ತು ಅಂತ ಬರೀರಿ. ತುಂಬ ತಡವಾಗಿ ಬಂದ್ರಿ ಅಂತಾನೂ ಬರೀರಿ. ಮೊದಲನೇದು ಮಾತ್ರ ಬರೆದು ಎರಡನೇದು ಬಿಡ್ಬೇಡಿ.’

ಬಿಟ್ಟಿಲ್ಲ ಅಣ್ಣ.

ನಿಮ್ಮ
ರಬ್ಬರ್